ಯಂತ್ರಗಳನ್ನು ನಡೆಸುವ ಸನ್ನೆಗೋಲುಗಳು

ಹೊಲದಲ್ಲಿ ಹುದುಗಿರುವ ಗುಂಡನ್ನು ಹಾರೆಯಿಂದ ಮೀಟಿ ಎಬ್ಬಿಸುವುದು ರೈತರೆಲ್ಲರಿಗೂ ತಿಳಿದಿರುವ ವಿಷಯವೇ ಆಗಿದೆ. ಬಾವಿಯಿಂದ ನೀರೆತ್ತುತ್ತಿದ್ದ ಏತವೂ ಇದೇ ತತ್ತ್ವದ ಮೇಲೆ ಏರ್ಪಟ್ಟುದು. ಇವುಗಳಲ್ಲಿ ಕೆಲಸವನ್ನು ಮಾಡುವುದು ಮನುಷ್ಯನ ಬಲವೇ; ಸನ್ನೆಗೋಲು ಆ ಬಲವನ್ನು ಹೆಚ್ಚಿಸಿ ಕೊಡುವುದು ಮಾತ್ರ. ಆದರೆ ಎಂಜಿನ್ನಿನಿಂದ ನಡೆಯುವ ಯಂತ್ರಗಳಲ್ಲಿ ಸನ್ನೆಗೋಲಿನ ಸ್ವಭಾವವೇ ಬೇರೆ. ಅಲ್ಲಿ ಅದು ಅಪ್ಪಣೆಯನ್ನು ಮುಟ್ಟಿಸುತ್ತದೆ. ಕೆಲಸವನ್ನು ಎಂಜಿನ್ನು ಮಾಡುತ್ತದೆ. ಆದುದರಿಂದ ಕೈಯ ಅಲ್ಪ ತಪ್ಪೂ ಎಂಜಿನ್ನಿನ ಬಲದಷ್ಟು ದೊಡ್ಡದಾಗಿ ಪರಿಣಮಿಸುತ್ತದೆ.

ಇದಕ್ಕೆ ವಿಮಾನವು ಉತ್ತಮವಾದ ಉದಾಹರಣೆ. 1903ನೆಯ ಇಸವಿಯ ಡಿಸೆಂಬರ್ 17ರಂದು ಅಮೆರಿಕಾ ದೇಶದಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದಲ್ಲಿ, ಮೂತಿಯನ್ನು ಏರಿಸಿ ಇಳಿಸುವುದಕ್ಕೆ ಒಂದು ಕೈಗೋಲಿತ್ತು. ರೆಕ್ಕೆಗಳನ್ನು ತಿರುಚುವುದಕ್ಕೆ ಸವಾರನು ಮಲಗಿಕೊಂಡು ಸೊಂಟವನ್ನು ಸರಿಸಬೇಕಾಗಿತ್ತು. ಮುಂದೆ ಈ ಎರಡು ಕೆಲಸಗಳನ್ನೂ ಒಂದೇ ಕೋಲಿಗೆ ಒಪ್ಪಿಸುವ ಕ್ರಮವು ಬಳಕೆಗೆ ಬಂದಿತು. ಈ ಸುಧಾರಣೆಯಲ್ಲಿ ಫ್ರಾನ್ಸ್ ದೇಶದ ರಾಬರ್ಟ್ ಎನೋ ಪೆಲ್ಟೆರಿ ಎಂಬಾತನ ಹೆಸರು ಮುಖ್ಯವಾದುದು. ಕೋಲನ್ನು ಹಿಂದಕ್ಕೆ ಎಳೆದರೆ ಬಾಲದ ಹಲಗೆಯು ಮೇಲಕ್ಕೆ ಬಾಗಿ, ಬಾಲವು ಕುಸಿದು, ಮೂತಿಯು ಏಳುತ್ತದೆ. ಮುಂದಕ್ಕೆ ತಳ್ಳಿದರೆ ಮೂತಿಯು ಇಳಿಯುತ್ತದೆ. ಎಡಕ್ಕೆ ವಾಲಿಸಿದರೆ ಎಡದ ರೆಕ್ಕೆಯು ತಗ್ಗುತ್ತದೆ.

ಆದರೆ ಈ ನಿಯಮಕ್ಕೆ ಒಂದು ಮಿತಿಯುಂಟು. ಮೂತಿಯನ್ನು ಅತಿಯಾಗಿ ಎತ್ತಿದರೆ ಗಾಳಿಯು ರೆಕ್ಕೆಯ ಮೇಲ್ಭಾಗವನ್ನು ಅಂಟಿ ಹರಿಯದೆ ಬಿಟ್ಟುಹೋಗುತ್ತದೆ. ರೆಕ್ಕೆಯು ಭಾರವನ್ನು ಹೊರಲಾರದೆ ವಿಮಾನವು ಕುಸಿಯುತ್ತದೆ. ಕೆಳಕ್ಕೆ ಬೀಳುತ್ತಿರುವುದನ್ನು ಕಂಡು, ಮೇಲೇಳಬೇಕೆಂದು ಕೋಲನ್ನು ಮತ್ತಷ್ಟು ಎಳೆದರೆ ಕುಸಿತವು ಬಲವಾಗುತ್ತದೆ. ಆಗ ಕೋಲನ್ನು ಮುಂದಕ್ಕೆ ತಳ್ಳುವುದೇ ಸರಿಯಾದ ಉಪಾಯ. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ಬೆಳೆಗಳಿಗೆ ಔಷಧವನ್ನು ಸಿಂಪಡಿಸುವುದಕ್ಕಾಗಿ ನಿರ್ಮಿಸಿದ, 1972ರಲ್ಲಿ ಹಾರಿದ ‘ಬಸಂತ್’ ಎಂಬ ವಿಮಾನದಂತಹವು ಪೈರಿಗೆ ಸಮೀಪವಾಗಿ ಹಾರತಕ್ಕವು. ಅಷ್ಟು ತಗ್ಗಿನಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವೇ ಸಾಲದು. ಸನ್ನೆಗೋಲು ಏನು ಮಾಡುತ್ತದೆ ಎಂಬುದರ ಜೊತೆಗೆ, ಏಕೆ ಮಾಡುತ್ತದೆ ಎಂಬುದನ್ನೂ ಅರಿತಿರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಮಾನಕ್ಕೂ ಬೇಸಾಯಕ್ಕೂ ಸಂಬಂಧವೇನೆಂದು ಯಾರೂ ಶಂಕಿಸಬೇಕಾಗಿಲ್ಲ. 1909ರ ಡಿಸೆಂಬರ್ 31ರಂದು ಐರ್ಲೆಂಡಿನಲ್ಲಿ ತಾನೇ ಕಟ್ಟಿದ ವಿಮಾನವನ್ನು ಹಾರಿಸಿದ ಹ್ಯಾರಿ ಫರ್ಗುಸನ್ ಎಂಬಾತನೇ, ಟ್ರ್ಯಾಕ್ಟರಿನ ಹಿಂದಿನ ನೇಗಿಲನ್ನು ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಏರ್ಪಾಟನ್ನು ಮುಂದೆ ಬಳಕೆಗೆ ತಂದನು. ಚಾಲಕನ ಕೈಯ ಕಿರುಗೋಲು ಅಲ್ಲಿ ಎಣ್ಣೆಯ ದಾರಿಯನ್ನು ತೆರೆಯುವುದಷ್ಟೆ. ನೇಗಿಲನ್ನು ಎತ್ತುವುದು ಎಂಜಿನ್ನು.

ಈ ವಿಚಾರವು ಗ್ರಾಮಗಳಲ್ಲಿ ಅತ್ಯಂತ ಅಗತ್ಯವಾಗಿರುವುದು ಎರಡು ಚಕ್ರದ ಪವರ್ ಟಿಲ್ಲರಿನ ವಿಷಯದಲ್ಲಿ. ಇದರ ಎರಡು ಹಿಡಿಕೆಗಳ ಕೆಳಗೆ ಒಂದೊಂದು ಸನ್ನೆಗೋಲು ಇರುತ್ತದೆ. ಎಡದ ಕೋಲನ್ನು ಹಿಸುಕಿದರೆ ಎಡ ಚಕ್ರಕ್ಕೂ ಎಂಜಿನ್ನಿಗೂ ಇರುವ ಸಂಬಂಧವು ಕಡಿದುಹೋಗುತ್ತದೆ. ಮಟ್ಟವಾದ ನೆಲದಲ್ಲಿ ಆ ಚಕ್ರವು ಹಿಂದುಳಿದು, ಬಲ ಚಕ್ರವು ಮುಂದೆ ತಳ್ಳಿ, ಯಂತ್ರವು ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಾದರೋ ನಡೆಯುವುದು ಇದಕ್ಕೆ ವಿರುದ್ಧ. ಅಲ್ಲಿ ಯಂತ್ರವನ್ನು ಕೆಳಕ್ಕೆ ಒಯ್ಯುವುದು ಅದರ ಭಾರವೇ. ಎಂಜಿನ್ನು ಚಕ್ರಗಳನ್ನು ತಳ್ಳುವುದಕ್ಕೆ ಬದಲಾಗಿ ತಡೆದು ಹಿಡಿದಿರುತ್ತದೆ. ಎಡದ ಕೋಲನ್ನು ಹಿಸುಕಿದೊಡನೆ ಎಡ ಚಕ್ರಕ್ಕೆ ಆ ತಡೆಯು ತಪ್ಪಿ, ಅದು ಬೇಗನೆ ಉರುಳುತ್ತದೆ. ಯಂತ್ರವು ಬಲಕ್ಕೆ ತಿರುಗುತ್ತದೆ. ಗಾಬರಿಗೊಂಡ ಚಾಲಕನು ಕೋಲನ್ನು ಇನ್ನೂ ಬಿಗಿಯಾಗಿ ಹಿಸುಕಿ, ಯಂತ್ರದೊಡನೆ ಬದುವಿನಿಂದ ಕೆಳಗೆ ಬೀಳುವ ಸಂಭವವುಂಟು.

ಆದುದರಿಂದ ಮುಂದೆ ಹೇಳುವ ಕ್ರಮಗಳನ್ನು ತಪ್ಪದೆ ಅನುಸರಿಸತಕ್ಕದ್ದು.

1. ಇಳಿಜಾರು ಸಮೀಪಿಸುವುದಕ್ಕೆ ಮುಂಚೆಯೇ ಕೆಳಗಿನ ಗೇರಿಗೆ ಹಾಕಿ ವೇಗವನ್ನು ತಗ್ಗಿಸಬೇಕು.

2. ಇಳಿಯುವಾಗ ತಿರುವಿನ ಸನ್ನೆಗೋಲುಗಳನ್ನು ಮುಟ್ಟದೆ, ಹಿಡಿಕೆಗಳನ್ನೇ ಪಕ್ಕಕ್ಕೆ ಒತ್ತಿ ನಿಧಾನವಾಗಿ ತಿರುಗಿಸಬೇಕು.

3. ಇಳಿಜಾರಿನಲ್ಲಿ ಎರಡು ಕೋಲುಗಳನ್ನೂ ಒಟ್ಟಿಗೆ ಹಿಸುಕಕೂಡದು, ಮುಖ್ಯ ಕ್ಲಚ್ಚನ್ನು ಬಿಡಿಸಕೂಡದು, ಗೇರನ್ನು ತಪ್ಪಿಸಕೂಡದು. ಹೀಗೆ ಮಾಡಿದರೆ ಎಂಜಿನ್ನಿನ ತಡೆಯು ತಪ್ಪಿ ಯಂತ್ರವು ತಾನಾಗಿ ಓಡುತ್ತದೆ.

4. ಟ್ರೇಲರನ್ನು ಕಟ್ಟಿ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಈ ಕೋಲುಗಳನ್ನು ಬಳಸಕೂಡದು. ಮೊದಲು ವೇಗವನ್ನು ತಗ್ಗಿಸಬೇಕು.

5. ಹಿಂದಕ್ಕೆ ನಡೆಸುವಾಗ ರೋಟರಿಯ ಸನ್ನೆಗೋಲನ್ನು ಬಿಡಿಸಿರಬೇಕು. ಅದರ ಅಲಗುಗಳು ಚಾಲಕನ ಕಾಲಿಗೆ ಬಹು ಸಮೀಪದಲ್ಲಿರುತ್ತವೆ.

ಯಂತ್ರವನ್ನು ಕೊಂಡವರು ಅದನ್ನು ತಾವೇ ನಡೆಸದೆ ಕೂಲಿಯ ಆಳಿನ ಕೈಗೆ ಒಪ್ಪಿಸುವುದುಂಟು. ಕೆಟ್ಟ ಯಂತ್ರವನ್ನು ಹಣದಿಂದ ದುರಸ್ತು ಮಾಡಿಸಬಹುದು. ಆಳಿನ ಕಾಲು ಹೋದರೆ ಅವನ ಸಂಸಾರದ ಅನ್ನವೇ ಹೋದಂತಾಗುತ್ತದೆ. ಆದುದರಿಂದ ಉಳುಮೆಯ ಕಾಲಕ್ಕೆ ಮುಂಚೆ ಗ್ರಾಮದ ಮುಖಂಡರು ಚಾಲಕರನ್ನೆಲ್ಲ ಒಂದು ಕಡೆ ಸೇರಿಸಿ, ಬಲ್ಲವರಿಂದ ಈ ವಿಷಯವನ್ನು ಮಟ್ಟದ ಬಯಲಿನಲ್ಲಿ ತೋರಿಸಿಕೊಡಿಸುವುದು ಶ್ರೇಯಸ್ಕರ. ಇಳಿಜಾರಿನಲ್ಲಿ ಎಡದ ಕೋಲನ್ನು ಹಿಸುಕಿದರೆ ಯಂತ್ರವು ಯಾವ ಕಡೆಗೆ ತಿರುಗುವುದು, ಏಕೆ ತಿರುಗುವುದು ಎಂದು ಪ್ರತಿಯೊಬ್ಬನನ್ನೂ ಕೇಳಬೇಕು. ಕಾರಣಸಹಿತವಾಗಿ ಉತ್ತರವನ್ನು ಹೇಳಿದವನ ಕೈಗೆ ಮಾತ್ರವೇ ಯಂತ್ರವನ್ನು ಕೊಡತಕ್ಕದ್ದು.