ಸೋತವರಿಗೂ ಒಂದು ಪೀಠ

ಹಲವು ಜನಾಂಗಗಳು ನೆಲೆಸಿದ ದೇಶದಲ್ಲಿ ಬಹುಮತದ ಆಳ್ವಿಕೆಯು ಎಲ್ಲರ ಆಳ್ವಿಕೆಯಾಗುವುದು ಹೇಗೆ? ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪವು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇಲ್ಲಿ ವಿಚಾರಿಸೋಣ.

ಈ ದ್ವೀಪಕ್ಕೆ ಮೂಲನಿವಾಸಿಗಳೆಂಬವರಿಲ್ಲ. ಫ್ರೆಂಚ್ ಒಡೆಯರು ಆಫ್ರಿಕ, ಮಡಗಾಸ್ಕರ್‌ಗಳಿಂದ ಗುಲಾಮರನ್ನು ತಂದರು. 1835ರಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿ ಗುಲಾಮಗಿರಿಯು ರದ್ದಾದ ಬಳಿಕ, ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರಿನ ಕೂಲಿಗಳು ಬಹುಸಂಖ್ಯೆಯಲ್ಲಿ ಬಂದರು. ಚೀನೀ ವರ್ತಕರೂ ನೆಲೆಸಿದರು. ಕಾಲಕ್ರಮದಲ್ಲಿ ಭಾರತೀಯ ಮೂಲದವರೇ ಬಹುಸಂಖ್ಯಾತರಾದರು. ಸ್ವಾತಂತ್ರ್ಯವು ಸಮೀಪಿಸಿದಾಗ ಉಳಿದವರಲ್ಲಿ ಅಳುಕು ಹುಟ್ಟಿತು. 1967ರ ಚುನಾವಣೆಯಲ್ಲಿ ನೂರಕ್ಕೆ ಸುಮಾರು 44 ಮತಗಳು ಸ್ವಾತಂತ್ರ್ಯವನ್ನು ವಿರೋಧಿಸಿದ ಪಕ್ಷಕ್ಕೆ ಬಿದ್ದುವು. ಆದರೂ 1968ರ ಮಾರ್ಚ್ 12ರಂದು ದೇಶವು ಸ್ವತಂತ್ರವಾಯಿತು.

ಈ ಅಳುಕನ್ನು ನೀಗಲು ಒಂದು ಏರ್ಪಾಡನ್ನು ಮಾಡಲಾಗಿತ್ತು. ಮತದಾರರು 62 ಪ್ರತಿನಿಧಿಗಳನ್ನು ಆರಿಸುವರು. ತರುವಾಯ ಹಿಂದೂ, ಮುಸ್ಲಿಮ್, ಚೀನೀ ಹಾಗೂ ಮಿಕ್ಕವರೆಲ್ಲರೂ ಸೇರಿದ ‘ಸಾಮಾನ್ಯ ಜನ’ ಎಂಬ ನಾಲ್ಕು ಸಮುದಾಯಗಳಲ್ಲಿ ಯಾವುದಕ್ಕೆ ಪ್ರಾತಿನಿಧ್ಯ ಕಡಿಮೆಯಾಯಿತೆಂದು ನೋಡಿ, ಆ ಸಮುದಾಯದ ಸೋತ ಅಭ್ಯರ್ಥಿಗಳಲ್ಲಿ ಉತ್ತಮ ಮತ ಗಳಿಸಿದವರಿಗೆ ಪೀಠ ಕೊಡುವರು. ಇಂಥ ಪೀಠಗಳು ಹೆಚ್ಚೆಂದರೆ ಎಂಟು. 1982ರಲ್ಲಿ ಒಂದೇ ಮೈತ್ರಿಕೂಟವು ಮುಖ್ಯದ್ವೀಪದ 60 ಸ್ಥಾನಗಳನ್ನೂ ಗೆದ್ದಿತು. ಅಧಿಕಾರವು ಶಾಂತಿಯಿಂದ ಕೈ ಬದಲಾಯಿಸಿತು. ಸೋತ ಪಕ್ಷದವರು ಸಭೆಯನ್ನು ಪ್ರವೇಶಿಸಿದುದು ಈ ಏರ್ಪಾಡಿನಿಂದಲೇ. 2003ರಲ್ಲಿ ಫ್ರೆಂಚ್ ಮೂಲದ ಪಾಲ್ ಬೆರಾಂಜೆಯವರು ಪ್ರಧಾನಿಯಾದರು.

ಆದರೆ ಇದರಲ್ಲೊಂದು ತೊಡಕುಂಟು. ಅಭ್ಯರ್ಥಿಯು ತನ್ನ ಸಮುದಾಯವನ್ನು ಘೋಷಿಸಬೇಕು. ಹಾಗೆ ಘೋಷಿಸಲೊಪ್ಪದ ಹಲವರ ನಾಮಪತ್ರಗಳು 2010ರಲ್ಲಿ ತಿರಸ್ಕೃತವಾದುವು. ಲೆಕ್ಕಕ್ಕೆ ಆಧಾರವಾದರೋ 1972ರ ಜನಗಣತಿ. ಆಮೇಲೆ ಸಮುದಾಯವಾರು ಗಣತಿಯೇ ನಡೆದಿಲ್ಲ. ಹಳೆಯ ಅಂಕಿಗಳನ್ನಿಟ್ಟುಕೊಂಡು ಹೀಗೆ ಒತ್ತಾಯಿಸುವುದು ನ್ಯಾಯವಲ್ಲವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು 2012ರಲ್ಲಿ ಅಭಿಪ್ರಾಯಪಟ್ಟಿತು. 2014ರಲ್ಲಿ ಆ ಒಂದು ಚುನಾವಣೆಯ ಮಟ್ಟಿಗೆ ಘೋಷಣೆಯಿಂದ ವಿನಾಯಿತಿ ದೊರೆಯಿತು.

ಸಸಿಗೆ ಬೇಲಿ ಬೇಕು. ಇಲ್ಲದಿದ್ದರೆ ಮೇಕೆ ಮೇಯುತ್ತದೆ. ಕಾಂಡವು ದಪ್ಪವಾದಾಗ ಕಟ್ಟನ್ನು ಸಡಿಲಿಸದಿದ್ದರೆ ಅದೇ ಬೇಲಿ ತೊಗಟೆಯನ್ನು ಕೊರೆಯುತ್ತದೆ. ರಕ್ಷಣೆಯ ನಿಯಮಗಳೂ ಹಾಗೆಯೇ: ಅವುಗಳನ್ನು ಕಿತ್ತೊಗೆಯುವುದು ಅವಿವೇಕ, ಎಂದೂ ತಿದ್ದದಿರುವುದೂ ಅವಿವೇಕ.

ವಿದ್ಯಾರ್ಥಿಗಳೇ, ಈ ನಗರದಲ್ಲಿ ಕನ್ನಡಿಗರಾದ ನಾವೂ ಅಲ್ಪಸಂಖ್ಯಾತರು. ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸಬಹುದೆಂದು ನಮ್ಮ ಸಂವಿಧಾನದ 30ನೆಯ ವಿಧಿಯು ಸಾರುತ್ತದೆ. ಆ ಹಕ್ಕಿನ ಬೆಲೆಯನ್ನು ಅರಿತವರು, ಬಹುಸಂಖ್ಯಾತರಾಗಿರುವ ಕಡೆಯಲ್ಲಿ ಇತರರಿಗೂ ಅದನ್ನು ಸಲ್ಲಿಸತಕ್ಕದ್ದು. ಪ್ರಜಾಪ್ರಭುತ್ವದ ಪರೀಕ್ಷೆ ನಡೆಯುವುದು ಅಲ್ಲಿಯೇ.