ಧಮ್ಮ ಚಿಂತನೆ: ನಾದ ಎಲ್ಲಿತ್ತು?

 

ಸಂಯುತ್ತ ನಿಕಾಯದ ಸಳಾಯತನ ವಗ್ಗದಲ್ಲಿ ಭಗವಾನ್ ಬುದ್ಧರು ಒಬ್ಬ ರಾಜನ ದೃಷ್ಟಾಂತ ಹೇಳುತ್ತಾರೆ. ಎಂದೂ ವೀಣೆ ಕೇಳದ ಆ ರಾಜ ಒಮ್ಮೆ ಅದರ ನಾದ ಕೇಳಿ ಮರುಳಾದ, ಅದನ್ನು ತರಿಸಲು ಅಪ್ಪಣೆ ಮಾಡಿದ. ವೀಣೆ ಬಂತು. ಅವನಿಗೆ ವೀಣೆ ಬೇಡ, ನಾದ ಬೇಕು! ಒಡಲು, ಚರ್ಮ, ದಂಡ, ತಂತಿ, ನುಡಿಸುವವನ ಶ್ರಮ ಎಲ್ಲ ಕೂಡಿದಾಗ ನಾದ ಹುಟ್ಟುತ್ತದೆಂದು ತಿಳಿಹೇಳಿದರೂ ಕೇಳದೆ, ವೀಣೆಯನ್ನು ನೂರು ಚೂರು ಮಾಡಿದ, ಸುಟ್ಟ, ಬೂದಿಯನ್ನು ಗಾಳಿಗೆ ತೂರಿದ. ಕೊನೆಗೆ ವೀಣೆಯನ್ನೇ ಹಳಿದ.

ನಮ್ಮ ಕಾಲದ ಒಂದು ಸಂಗತಿ ನೋಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡ್ ಕೊಟ್ಟು ಹಾಫ್ನರ್ ಬೇಸ್ ಗಿಟಾರ್ ಕೊಂಡರು. ದುಬಾರಿಯದಕ್ಕೆ ದುಡ್ಡಿರಲಿಲ್ಲ, ಜೊತೆಗೆ ಅದರ ಎರಡೂ ಬದಿ ಒಂದೇ ಆಕಾರ, ಎಡಗೈಯವರಿಗೆ ತಿರುಗಿಸಿ ಹಿಡಿದರೂ ವಿಚಿತ್ರ ಕಾಣದು. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಅದು ಕಳುವಾಯಿತು. ಅರ್ಧ ಶತಮಾನ ಕಳೆದ ಮೇಲೆ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ಮರಳಿ ಬಂದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಅದೇ ಡಿಸೆಂಬರ್‌ನಲ್ಲಿ ಅವರು ವೇದಿಕೆಯ ಮೇಲೆ ಅದನ್ನು ನುಡಿಸಿದರು. ನಡುವಿನ ಐವತ್ತು ವರ್ಷ ಅವರ ಸಂಗೀತ ನಿಂತಿತ್ತೇ? ಇಲ್ಲ. ಬೇರೆ ಗಿಟಾರ್ ಇತ್ತು, ಬೆರಳಿದ್ದವು. ಆದರೂ ಆ ಹಳೆಯದು ಬೇಕೆನಿಸಿತ್ತು. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಕಳೆದ ಭಾನುವಾರದ ಓದಿನಲ್ಲಿ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುವ ಹರಿಹರದ ಅಣ್ಣನವರು ಕೇಳಿದ್ದು ಇದನ್ನೇ: "ಹಂಗಾದ್ರೆ ನನ್ನ ಗಿಟಾರ್ ಮಾರಿಬಿಡ್ಲೇನ್ರೀ ಮೇಷ್ಟ್ರೇ? ಇಪ್ಪತ್ತು ವರ್ಷದಿಂದ ಅದನ್ನ ಯಾರ ಕೈಗೂ ಕೊಟ್ಟಿಲ್ಲ."

ಮಾರಬೇಕಿಲ್ಲ. ಭಿಕ್ಷಾಪಾತ್ರೆಯನ್ನು ಒದ್ದೆಯಾಗಿ ಎತ್ತಿಡಬಾರದು, ಒಣಗಿಸಿ ಇಡಬೇಕೆಂದು ವಿನಯದಲ್ಲೇ ನಿಯಮವಿದೆ. ವಸ್ತುವನ್ನು ಜೋಪಾನ ಮಾಡುವುದು ಉಪಾದಾನವಲ್ಲ. ರಾಜನ ದೃಷ್ಟಾಂತ ಮುಗಿಯುವುದು "ನಾನು", "ನನ್ನದು" ಎಂಬ ಭಾವದ ಶೋಧನೆಯಲ್ಲಿ. ಹುಡುಕುತ್ತ ಹೋದರೆ ಅದೂ ವೀಣೆಯ ನಾದದಂತೆ ಎಲ್ಲೂ ಕೈಗೆ ಸಿಗದು. ಅವರ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು "ನನ್ನ ಗಿಟಾರ್" ಅಲ್ಲ, "ಯಾರ ಕೈಗೂ ಕೊಟ್ಟಿಲ್ಲ" ಎಂಬುದು.

ಅವರ ಬಳಿ ಕಲಿಯಲು ಒಬ್ಬ ಹುಡುಗ ಬರುತ್ತಾನೆ. ಒಂದು ಸಂಜೆ ಅವನ ತೊಡೆಯ ಮೇಲೆ ಅದನ್ನಿಟ್ಟು, ಹತ್ತು ನಿಮಿಷ ಎದುರು ಕೂತು, ಎದೆಯಲ್ಲಿ ಏನೇನು ಏಳುತ್ತದೋ ಸುಮ್ಮನೆ ನೋಡಲಿ. ತಂತಿ ಹರಿದರೆ ಹೊಸದು ಹಾಕಿದರಾಯಿತು.

ನಾಳೆ ಅಂಗುತ್ತರ ನಿಕಾಯದ ಸೋಣ ಸುತ್ತ. ಅವನೂ ವೀಣೆ ನುಡಿಸುತ್ತಿದ್ದವನೇ.

ಭವತು ಸಬ್ಬ ಮಂಗಲಂ.