ಡಯಾಲಿಸಿಸ್‌ಗೆ ಮುಂಚಿನ ವರ್ಷಗಳೇ ಹಣ ಕೂಡಿಡುವ ವರ್ಷಗಳು

ಕಿಡ್ನಿಯೊಳಗೆ ನೀರ್ಗುಳ್ಳೆಗಳು ಬೆಳೆಯುತ್ತಾ ಹೋಗುವ ಪಾಲಿಸಿಸ್ಟಿಕ್ ಕಾಯಿಲೆ ವಂಶದಿಂದ ಇಳಿದು ಬರುವಂಥದ್ದು. ಅದರ ಸಾಮಾನ್ಯ ಬಗೆಯಲ್ಲಿ ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ನಮ್ಮ ಮನೆತನದಲ್ಲೂ ಇರುವ ಕಾಯಿಲೆ ಇದು. ಹೃದಯಾಘಾತದಂತೆ ಇದು ದಿಢೀರನೆ ಎರಗುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಕಂಡ ಮೇಲೂ ಬಹಳಷ್ಟು ಜನರ ಕಿಡ್ನಿ ಹತ್ತಾರು ವರ್ಷ ದುಡಿಯುತ್ತದೆ. ಆ ವರ್ಷಗಳನ್ನು ನಾವು ಚಿಂತೆಗೆ ಕೊಡುತ್ತೇವೆಯೇ ಹೊರತು ಹಣದ ತಯಾರಿಗೆ ಕೊಡುವುದಿಲ್ಲ. ಇದು ಬದಲಾಗಲೇಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಲ್ಲವೇ ಎಂದು ಕೇಳುವವರಿದ್ದಾರೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಿಪಿಎಲ್ ಕುಟುಂಬಗಳಿಗೆ ದೊಡ್ಡ ಉಪಕಾರವಾಗಿದೆ, ನಿಜ. ಆದರೆ ಉಚಿತವಾಗುವುದು ಯಂತ್ರದ ಮುಂದೆ ಮಲಗುವ ಹೊತ್ತು ಮಾತ್ರ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಹೋಗಿ ಬರುವ ದಾರಿ ಸೇರಿದರೆ ದಿನವೇ ಹೋಯಿತು. ಸುಸ್ತಾದವರನ್ನು ಕರೆದುಕೊಂಡು ಬರಲು ಇನ್ನೊಬ್ಬರು ಬೇಕು, ಅವರ ಕೂಲಿಯೂ ಹೋಯಿತು. ಕಸಿ ಮಾಡಿಸುವುದಾದರೆ ಮತ್ತೊಂದು ಬಿಕ್ಕಟ್ಟು: ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಇದೇ ಕಾಯಿಲೆ ಇರಬಹುದು. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಿಡ್ನಿ ಕೊಡಬೇಕಾದವರು ಹೆಂಡತಿಯೋ ಗಂಡನೋ ಆಗಿರುತ್ತಾರೆ. ಅಷ್ಟರಲ್ಲಿ ಮನೆಯ ಖರ್ಚು ತೂಗಿಸುತ್ತಿರುವವರೂ ಅವರೇ. ಆಪರೇಷನ್ ಆದ ಮೇಲೆ ಇಬ್ಬರ ದುಡಿಮೆಯೂ ವಾರಗಟ್ಟಲೆ ಒಟ್ಟಿಗೇ ನಿಲ್ಲುತ್ತದೆ, ಕಸಿ ಮಾಡಿಸಿಕೊಂಡವರ ಔಷಧಿ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ನಾವು ಕೂಡಿಡಬೇಕಾದದ್ದು ಆಸ್ಪತ್ರೆಯ ಬಿಲ್ಲಿಗಿಂತ ಮೊದಲು ನಿಂತುಹೋಗುವ ಸಂಬಳಕ್ಕಾಗಿ.

ಕಾಯಿಲೆ ಹೇಳಿಕೊಂಡರೆ ವಿಮೆ ಸಿಗದೆಂಬ ಭಯ ಸಹಜ, ಕೆಲವು ಕಂಪನಿಗಳು ಒಲ್ಲೆ ಎನ್ನುವುದೂ ಉಂಟು. ಆದರೆ ಮುಚ್ಚಿಟ್ಟು ಪಡೆದ ಪಾಲಿಸಿ ಕ್ಲೇಮ್ ಹೊತ್ತಿಗೆ ಕೈಕೊಡುತ್ತದೆ, ಕಟ್ಟಿದ ಪ್ರೀಮಿಯಂ ನೀರುಪಾಲು. 2024ರ ನಿಯಮದಂತೆ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ ಮೂರು ವರ್ಷ. ಕಿಡ್ನಿ ಚೆನ್ನಾಗಿರುವಾಗಲೇ, ಇದ್ದದ್ದನ್ನು ಇದ್ದ ಹಾಗೆ ಬರೆದು ಪಾಲಿಸಿ ಸಿಕ್ಕರೆ ಆ ಮೂರು ವರ್ಷ ತಾನಾಗಿ ಕಳೆಯುತ್ತದೆ.

ಬರುತ್ತದೋ ಇಲ್ಲವೋ ಎನ್ನುವುದಕ್ಕೆ ಈಗಲೇ ಯಾಕೆ ಹಣ ಕಟ್ಟಿಡಬೇಕು ಎಂಬ ಮಾತೂ ಇದೆ. ಕಾಯಿಲೆ ಬರದಿದ್ದರೆ ಆ ಹಣ ಎಲ್ಲಿಗೂ ಹೋಗುವುದಿಲ್ಲ. ಬಂದರೆ ಸೈಟು ಮಾರುವುದು ತಪ್ಪುತ್ತದೆ. ಮನೆಯವರ ಬಿಪಿ ಮಾತ್ರೆಯ ದುಡ್ಡಿನಲ್ಲಿ ಮಾತ್ರ ಎಂದೂ ಉಳಿತಾಯ ಮಾಡಬೇಡಿ. ರಕ್ತದೊತ್ತಡ ಹತೋಟಿಯಲ್ಲಿದ್ದಷ್ಟೂ ಕಿಡ್ನಿ ಹೆಚ್ಚು ಕಾಲ ಬಾಳುತ್ತದೆ.